ಘಾಟು ಇಲ್ಲವೆಂದು ಬರೆದುಕೊಂಡು ಹೋದವರಿಗೆ

ಮಾನ್ಯ ಕಾರ್ಖಾನೆ ತಪಾಸಣಾಧಿಕಾರಿಗಳೇ,

"ಕಾರ್ಮಿಕರ ಹೇಳಿಕೆಯಂತೆ ಘಟಕದಲ್ಲಿ ಯಾವುದೇ ಘಾಟು ಇರುವುದಿಲ್ಲ. ಗಾಳಿ ತೃಪ್ತಿಕರವಾಗಿದೆ." ನಮ್ಮ ಕಾರ್ಖಾನೆಯ ಬಗ್ಗೆ ತಾವು ದಯಪಾಲಿಸಿದ ಈ ಎರಡು ವಾಕ್ಯಗಳನ್ನು ಓದಿ ಧನ್ಯಳಾದೆ. ಕ್ರೋಮ್ ತೊಟ್ಟಿಯ ಹೊಗೆ ಎಳೆಯುವ ಫ್ಯಾನ್ ಕೆಟ್ಟು ವರ್ಷಗಳಾದವು, ಅದನ್ನು ರಿಪೇರಿ ಮಾಡಿಸಿ, ನನ್ನ ಅಣ್ಣನ ಕಾಯಿಲೆ ಕೆಲಸದಿಂದಲೇ ಬಂದದ್ದೆಂದು ದಾಖಲಿಸಿ ಎಂದು ನಾನು ಕೊಟ್ಟ ಅರ್ಜಿಯನ್ನು ತಾವು ಇದೇ ವಾಕ್ಯಗಳ ಬಲದಿಂದ ತಳ್ಳಿಹಾಕಿದ್ದೀರಿ. ತಾವು ಹೇಳಿಕೆ ಪಡೆದ ಆ ಕಾರ್ಮಿಕ ಬೇರೆ ಯಾರೂ ಅಲ್ಲ, ನನ್ನ ಅಣ್ಣನೇ. ಅವನಿಗೆ ಮೂರು ವರ್ಷದಿಂದ ಯಾವ ವಾಸನೆಯೂ ಗೊತ್ತಾಗುವುದಿಲ್ಲ. ಕಿವುಡನನ್ನು ಸಂಗೀತ ಕಚೇರಿಯಲ್ಲಿ ಕೂರಿಸಿ, ಅಪಸ್ವರ ಕೇಳಿಸಿತೇ ಎಂದು ವಿಚಾರಿಸುವ ಈ ಹೊಸ ತನಿಖಾ ಪದ್ಧತಿಯನ್ನು ತಾವು ಎಲ್ಲಿ ಕಲಿತಿರೋ ತಿಳಿಯದು.

ತಮ್ಮ ಕಚೇರಿಯ ಕೈತೊಳೆಯುವ ನಲ್ಲಿ ಥಳಥಳ ಹೊಳೆಯುತ್ತಿದ್ದರೆ ಅದು ನಮ್ಮಂಥವರ ಕೈಚಳಕ. ನಾನು ಹಿತ್ತಾಳೆಯ ನಲ್ಲಿಗಳನ್ನು ತಾಮ್ರದ ತಂತಿಯಿಂದ ಕೊಕ್ಕೆಗೆ ಕಟ್ಟುತ್ತೇನೆ. ಅಣ್ಣ ಅವನ್ನು ಮೊದಲು ತೊಳೆಯುವ ಆಸಿಡ್‌ನಲ್ಲಿ, ಕೊನೆಗೆ ಕ್ರೋಮ್ ತೊಟ್ಟಿಯಲ್ಲಿ ಮುಳುಗಿಸುತ್ತಾನೆ. ತೊಟ್ಟಿಗೆ ಬೀಳುವ ಸರಕಿನ ಹೆಸರು ಕ್ರೋಮಿಯಂ ಟ್ರೈಆಕ್ಸೈಡ್. ನೋಡಲು ಕಡುಗೆಂಪು ಚೂರುಗಳು, ಬಲು ಚೆಂದ. ನೀರಿಗೆ ಬಿದ್ದರೆ ಕ್ಷಣದಲ್ಲಿ ಕರಗಿ ಕ್ರೋಮಿಕ್ ಆಸಿಡ್ ಆಗುತ್ತದೆ. ಸ್ಪಿರಿಟ್ ತಾಗಿದರೆ ಬೆಂಕಿಕಡ್ಡಿಯ ಹಂಗಿಲ್ಲದೆ ಹೊತ್ತಿಕೊಳ್ಳುತ್ತದೆ. ವಿದ್ಯುತ್ ಹರಿಸಿದಾಗ ತೊಟ್ಟಿಯಲ್ಲಿ ಗುಳ್ಳೆಗಳೇಳುತ್ತವೆ, ಒಡೆಯುತ್ತವೆ, ಒಡೆದದ್ದು ಹಳದಿ ಮಂಜಾಗಿ ಮೇಲೇರುತ್ತದೆ. ಆ ಮಂಜಿಗೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ ಮಾನ್ಯರೇ, ಅದು ಸುಮ್ಮನೆ ಮೂಗನ್ನು ಒಳಗಿನಿಂದ ಕೊರೆಯುತ್ತದೆ. ಘಾಟು ಬರುವುದು ಪಕ್ಕದ ತೊಳೆಯುವ ಆಸಿಡ್‌ನಿಂದ. ಅಂದರೆ ತಮ್ಮ ಪ್ರಶ್ನೆಯೂ ತಪ್ಪು, ಕೇಳಿದ ಮೂಗೂ ತಪ್ಪು. ಶ್ವಾಸಕೋಶಕ್ಕೆ ಕ್ಯಾನ್ಸರ್ ತರಬಲ್ಲದು ಎಂದು ಡಬ್ಬದ ಮೇಲೆಯೇ ಅಚ್ಚಾಗಿದೆ. ಡಬ್ಬ ಓದುವುದು ತಮ್ಮ ಹುದ್ದೆಗೆ ತಕ್ಕ ಕೆಲಸವಲ್ಲವೆಂದು ಬಿಟ್ಟಿರಬೇಕು.

ತಾವು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಮೂರು ದಿನ ಮೊದಲೇ ಸುದ್ದಿ ಮುಟ್ಟಿದ್ದರಿಂದ ನಮ್ಮ ಮೇಲ್ವಿಚಾರಕರು ಗೋದಾಮಿನಿಂದ ಪ್ಲಾಸ್ಟಿಕ್ ಚೆಂಡುಗಳ ಮೂಟೆ ತರಿಸಿ ತೊಟ್ಟಿಯ ಮೇಲೆ ತೇಲಿಬಿಟ್ಟಿದ್ದರು. ಮಂಜು ಏಳದಂತೆ ತಡೆಯಲು ಅವು ದಿನವೂ ತೇಲಬೇಕು. ನಮ್ಮಲ್ಲಿ ತಾವು ಬಂದಾಗ ಮಾತ್ರ ತೇಲುತ್ತವೆ. ಅಷ್ಟಾದರೂ ತಾವು ಬಾಗಿಲು ದಾಟಲಿಲ್ಲ. ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಅಲ್ಲಿಂದಲೇ ಕೂಗಿದಿರಿ:

"ಏನಪ್ಪಾ, ಘಾಟು ಗೀಟು ಏನಾದ್ರೂ ಬರುತ್ತಾ?"

"ಇಲ್ಲ ಸಾರ್, ಏನೂ ಗೊತ್ತಾಗಲ್ಲ" ಎಂದ ಅಣ್ಣ.

"ಅವನಿಗೆ ಗೊತ್ತಾಗಲ್ಲ ಸಾರ್! ಮೂಗೇ ಹೋಗಿದೆ ಅವನ್ದು!" ಎಂದು ನಾನು ಬೆಂಚಿನಿಂದ ಕೂಗಿದೆ.

"ನೀನು ನಿನ್ ಕೆಲಸ ನೋಡಮ್ಮ" ಎಂದರು ಮೇಲ್ವಿಚಾರಕರು. ತಾವು ಬರೆದುಕೊಂಡು ಹೊರಟಿರಿ.

ಬಸ್ಸಿನಲ್ಲಿ ಅಣ್ಣನನ್ನು ತರಾಟೆಗೆ ತೆಗೆದುಕೊಂಡೆ. "ಯಾಕಣ್ಣಾ ಹಾಗಂದೆ?"

"ಕೇಳಿದ್ರು, ಇದ್ದದ್ದು ಇದ್ದ ಹಾಗೆ ಹೇಳ್ದೆ ಕಣೇ. ಬರದೇ ಇರೋ ವಾಸನೇನ ಬರುತ್ತೆ ಅನ್ಲಾ?"

ಇಂಥ ಹರಿಶ್ಚಂದ್ರನ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ?

ತೊಟ್ಟಿಯ ಬಳಿ ಕೆಲಸ ಮಾಡುವವರಲ್ಲಿ ಒಂದು ಪದ್ಧತಿಯಿದೆ, ತಮ್ಮ ಗಮನಕ್ಕೆ ತರುತ್ತೇನೆ. ಎರಡು ಹೊಳ್ಳೆಗಳ ನಡುವಿನ ಗೋಡೆ ತೂತಾದವನು ಊಟದ ಬಿಡುವಿನಲ್ಲಿ ಒಂದು ಹೊಳ್ಳೆಯಿಂದ ದಾರ ತೂರಿಸಿ ಇನ್ನೊಂದರಿಂದ ಎಳೆದು ತೋರಿಸುತ್ತಾನೆ. ಅಂದಿನಿಂದ ಅವನು ಹಿರಿಯ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅಣ್ಣ ದಾರ ಎಳೆದ ದಿನ ನಾನೂ ನಕ್ಕೆ. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ನೋವಾಗದೆ ತೂತು ಬೀಳುವುದರಿಂದ ಅದನ್ನು ಯಾರೂ ಗಾಯವೆಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಕಳೆದ ತಿಂಗಳು ರಜೆಯ ದಿನ ಅತ್ತಿಗೆ ಅಂಗಡಿಗೆ ಹೋಗಿದ್ದಳು. ಅಣ್ಣ ಚಹಾ ಮಾಡಿಕೊಳ್ಳಲು ಅಡುಗೆಮನೆಗೆ ಹೋದ. ಪೈಪು ಸಡಿಲಾಗಿ ಇಡೀ ಮನೆಯಲ್ಲಿ ಗ್ಯಾಸ್ ತುಂಬಿತ್ತು. ಮೆಟ್ಟಿಲಲ್ಲೇ ಅತ್ತಿಗೆಗೆ ವಾಸನೆ ಬಡಿದಿದೆ. ಒಳಗೆ ಓಡಿದಾಗ ಇವನು ಹಾಡು ಗುನುಗುತ್ತಾ ಕಡ್ಡಿಪೆಟ್ಟಿಗೆ ತೆರೆಯುತ್ತಿದ್ದ. ಅವಳು ಕೈಗೆ ಹೊಡೆದು ಪೆಟ್ಟಿಗೆ ಬೀಳಿಸಿದಳು. "ಏನೇ ಇದು, ಹುಚ್ಚಾ?" ಎಂದು ಅವನೇ ರೇಗಿದನಂತೆ. ಈಗ ಗಂಡನನ್ನು ಮನೆಯಲ್ಲಿ ಒಬ್ಬನೇ ಬಿಡಲು ಅತ್ತಿಗೆಗೆ ಭಯ. ತಮ್ಮ ವರದಿಯ ಪ್ರಕಾರ ಆ ಅಡುಗೆಮನೆಯ ಗಾಳಿಯೂ ತೃಪ್ತಿಕರವೇ ಆಗಿತ್ತು, ಕಾರ್ಮಿಕರ ಹೇಳಿಕೆಯಿದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಹೇಳದೆ ಕೇಳದೆ ಬನ್ನಿ. ತೊಟ್ಟಿಯ ಪಕ್ಕದಲ್ಲಿ ಒಂದು ಗಂಟೆ ನಿಲ್ಲಿ. ಜೊತೆಗೆ ವೈದ್ಯರನ್ನು ಕರೆತಂದು ಪ್ರತಿಯೊಬ್ಬನ ಮೂಗಿನೊಳಗೆ ಟಾರ್ಚ್ ಹಾಕಿಸಿ. ಆ ಎರಡು ವಾಕ್ಯಗಳನ್ನು ಹೊಡೆದುಹಾಕಿ, ಅಣ್ಣನ ಮೂಗಿನ ತೂತನ್ನು ಕೆಲಸದಿಂದ ಬಂದ ಕಾಯಿಲೆಯೆಂದೇ ಬರೆಯಿರಿ. ಫ್ಯಾನ್ ತಿರುಗುವವರೆಗೆ ತೊಟ್ಟಿಗೆ ಬೀಗ ಹಾಕಿಸಿ.

ಸ್ವಲ್ಪ ಅವಸರವಿದೆ. ಕೆಮ್ಮು ಹೆಚ್ಚಾಗಿ ಅಣ್ಣನನ್ನು ಪ್ಯಾಕಿಂಗ್‌ಗೆ ಹಾಕಿದ್ದಾರೆ. ತೊಟ್ಟಿಗೆ ಯಾರು ಎಂದು ಕೇಳಿದ್ದಕ್ಕೆ ಮೇಲ್ವಿಚಾರಕರು, "ಅಣ್ಣನ್ನ ನೋಡಿ ನೋಡಿ ನಿನಗೇ ಕೆಲಸ ಬರುತ್ತಲ್ಲಮ್ಮ" ಎಂದರು. ಸೋಮವಾರದಿಂದ ಅಲ್ಲಿ ನಿಲ್ಲುವವಳು ನಾನು. ನನಗೆ ಸದ್ಯಕ್ಕೆ ಎಲ್ಲ ವಾಸನೆಯೂ ಗೊತ್ತಾಗುತ್ತದೆ. ನನ್ನ ಹೇಳಿಕೆ ಬೇಕಿದ್ದರೆ ಈ ವಾರವೇ ಬಂದು ಪಡೆದುಕೊಳ್ಳಿ.

ಇಂತಿ,
ಭಾನುವಾರದವರೆಗೆ ಕೊಕ್ಕೆ ಕಟ್ಟುವವಳು