ಗಾಳೆಪ್ಪನ ರಿವರ್ಸ್

೪-೧೧-೨೦೨೪, ಸೋಮವಾರ
ಒಳಗೆ ಹಾಕಿದ್ದಾಯಿತು. ಎಡಕ್ಕೆ ನಾಲ್ಕು ಬೆರಳು, ಬಲಕ್ಕೆ ನಾಲ್ಕು ಬೆರಳು. ಮೇಲೆ ಎ.ಸಿ. ಡಬ್ಬಿಗೂ ತೊಲೆಗೂ ನಡುವೆ ಒಂದು ಗೇಣು. ವಿಜಯಮಹಾಂತೇಶ ಸಾವಕಾರರು ಹುನಗುಂದದಲ್ಲಿ ಈ ಶೆಡ್ ಕಟ್ಟಿಸಿದ್ದು ಸೀರೆ ಗಂಟು ಸಾಗಿಸುವ ಟೆಂಪೋಕ್ಕೆ. ಈಗ ಅದರಲ್ಲಿ ಮೋಟರ್ ಹೋಮ್ ನಿಲ್ಲಬೇಕಂತೆ! ಒಳಗೇ ಹಾಸಿಗೆ, ಒಲೆ, ಸಂಡಾಸು. ಪರ ಊರಿನವರಿಗೆ ಬಾದಾಮಿ, ಐಹೊಳೆ ತೋರಿಸಿ ತರುವ ಗಾಡಿ. ಆಡಿನ ದೊಡ್ಡಿಯಲ್ಲಿ ಆನೆ ಕಟ್ಟಿದ ಹಾಗೆ.

ಗಾಳೆಪ್ಪ ಡ್ರೈವರ್, ನಾನು ಹೆಲ್ಪರ್. ಹತ್ತೊಂಬತ್ತು ವರ್ಷ ಹುನಗುಂದ–ಬಾಗಲಕೋಟೆ ಬಸ್ಸಿನಲ್ಲಿ ಅವನು ಡ್ರೈವರ್, ನಾನು ಕಂಡಕ್ಟರ್. ಹೋದ ವರ್ಷ ಇಬ್ಬರೂ ರಿಟೈರ್. ಹಿಂದೆ ನಿಂತು ನಾನು ‘ಬರ್ಲಿ ಬರ್ಲಿ’ ಅನ್ನಬೇಕು, ಅವನು ಬರಬೇಕು. ‘ಹೋಲ್ಡಾನ್’ ಅಂದಲ್ಲಿ ನಿಲ್ಲಬೇಕು. ಇವತ್ತು ಇಳಿದವನೇ, ಬೀರಲಿಂಗನ, ಅಂದರೆ ನನ್ನ, ದನಿ ಇಲ್ಲದೆ ತನ್ನ ಕೈಗೆ ಸ್ಟೇರಿಂಗ್ ತಿರುಗುವುದಿಲ್ಲ ಅಂತ ಸಾವಕಾರರಿಗೆ ಹೇಳಿದ. ಮನೆಗೆ ಬಂದು ಎರಡು ರೊಟ್ಟಿ ಜಾಸ್ತಿ ತಿಂದೆ.

೧೨-೧೧, ಮಂಗಳವಾರ
ಹುಬ್ಬಳ್ಳಿಯಿಂದ ಒಬ್ಬ ಬಂದು ಗಾಡಿಯ ಹಿಂದೆ ಕ್ಯಾಮೆರಾ ಕೂರಿಸಿ ಹೋದ. ಸ್ಟೇರಿಂಗ್ ಪಕ್ಕ ಅಂಗೈ ಅಗಲದ ಟಿವಿ. ಹಿಂದಿನ ಗೋಡೆ ಹತ್ತಿರ ಬಂದರೆ ಟೀ ಟೀ ಟೀ ಅನ್ನುತ್ತದೆ. ಹೇಗಿದೆ ಅಂತ ಸಾವಕಾರರು ಕೇಳಿದರು.

“ಭಾಳ ಚಂದ ಐತ್ರಿ. ಇನ್ನ ಹಿಂದ ಯಾರೂ ನಿಂದ್ರೋದು ಬ್ಯಾಡ,” ಅಂದ ಗಾಳೆಪ್ಪ.

ಯಾರೂ ಅಂದರೆ? ಹತ್ತೊಂಬತ್ತು ವರ್ಷ ಹಿಂದೆ ನಿಂತವನು ಯಾರಪ್ಪಾ?

ಬಾಳವ್ವನ ಮುಂದೆ ಹೇಳಿದೆ. ಗಂಡ ಸವತಿ ತಂದವರ ಹಾಗೆ ಮುಖ ಮಾಡಿದ್ದೀರಲ್ಲ ಎಂದು ನಕ್ಕಳು ನನ್ನ ಹೆಂಡತಿ. ಹೌದು, ಸವತಿಯೇ. ಹೊಟ್ಟೆ ಉರಿಯುತ್ತಿದೆ. ಬರೆದೇಬಿಡುತ್ತೇನೆ, ಇಲ್ಲಿ ಯಾರು ಓದುತ್ತಾರೆ.

೧೪-೧೧, ಗುರುವಾರ
ಶೆಡ್ಡಿನ ಕಟ್ಟೆ ಮೇಲೆ ಕೂತು ನೋಡಿದೆ. ಸವತಿಯ ಜೊತೆ ಗಾಳೆಪ್ಪ ಹನ್ನೊಂದು ಸಲ ಹಿಂದೆ ಮುಂದೆ. ನನ್ನ ಜೊತೆ ಒಂದೇ ಸಲ. ಆದರೂ ಗುರಪ್ಪನ ಚಹಾದಂಗಡಿಯಲ್ಲಿ ಕೂತು ಕ್ಯಾಮೆರಾದ್ದೇ ಪುರಾಣ. ಇರುವೆ ಹೋದರೂ ಕಾಣುತ್ತದಂತೆ! ಅರ್ಧ ಚಹಾ ಬಿಟ್ಟು ಎದ್ದು ಬಂದೆ.

ಮೇಲೆ ಇನ್ನೊಂದು. ದಿನಾ ಬೆಳಿಗ್ಗೆ ಕ್ಯಾಮೆರಾದ ಗಾಜು ಒರೆಸಬೇಕಂತೆ. ನಾನು! ಸವತಿಯ ಮುಖ ತೊಳೆಯುವ ಕೆಲಸ.

೧೫-೧೧, ಶುಕ್ರವಾರ. ಮಧ್ಯಾಹ್ನ
ಒರೆಸಲಿಲ್ಲ. ಅಂಗಳದ ಕರಿಮಣ್ಣು ಕಲಸಿ ಗಾಜಿಗೆ ದಪ್ಪಗೆ ಮೆತ್ತಿದೆ. ಅರವತ್ತೊಂದು ವರ್ಷದ ಮನುಷ್ಯ ಮಾಡುವ ಕೆಲಸವೇ? ಮಾಡಿದೆ. ಬೀರಲಿಂಗಾ ಬಾರೋ ಅಂತ ಕರೆಯುತ್ತಾನೆ, ಆಗ ಬಿಂಕ ಮಾಡೋಣ ಅಂತ ಕಾದು ಕೂತೆ.

ಕರೆಯಲಿಲ್ಲ. ಗಾಳೆಪ್ಪ ಟೀ ಟೀ ಸದ್ದು ಕೇಳುತ್ತಾ ಹಿಂದಕ್ಕೆ ಬಂದ. ಎಡಗಡೆ ಕನ್ನಡಿ ಬಾಗಿಲ ಕಲ್ಲಿಗೆ ತಾಗಿ ಒಡೆದು ಬಿತ್ತು. ನಾನೇ ಹತ್ತಿರ ಹೋಗಿ, ಟಿವಿಯಲ್ಲಿ ಕಾಣಲಿಲ್ಲವಾ ಅಂತ ಕೇಳಿದೆ.

“ಎಲ್ಲಾ ಸ್ವಚ್ಛ ಕಾಣತೈತಿ. ನನ್ನ ಲಕ್ಷ್ಯ ತಪ್ಪಿತು,” ಅಂದ.

ಬಗ್ಗಿ ಟಿವಿ ನೋಡಿದೆ. ಬರೀ ಕಪ್ಪು. ಮಣ್ಣು ಬಿಟ್ಟು ಏನೂ ಇಲ್ಲ.

ಅವನ ಎಡಗಡೆ ಸುಮ್ಮನೆ ಕೈ ಎತ್ತಿ ಬೆರಳು ಆಡಿಸಿದೆ. ರೆಪ್ಪೆ ಕೂಡ ಅಲುಗಲಿಲ್ಲ.

ಅದೇ ದಿನ. ಸಂಜೆ ಐದು
ಕಣ್ಣು ಕಾಣುವುದಿಲ್ಲವೇನು ಅಂತ ಗಾಳೆಪ್ಪನನ್ನು ಕೇಳಿಯೇಬಿಟ್ಟೆ. ಮೀಸೆ ತಿರುವಿದ. ಆಮೇಲೆ ಎಲ್ಲ ಹೇಳಿದ. ಸಕ್ಕರೆ ಕಾಯಿಲೆ. ಎಡಗಣ್ಣು ಯುಗಾದಿಗೇ ಹೋಯಿತಂತೆ, ಬಲಗಣ್ಣೂ ಈಗ ಮಬ್ಬು. ಗಾಡಿ ಬಿಡಬೇಡ ಅಂದಿದ್ದಾರಂತೆ ದವಾಖಾನೆಯಲ್ಲಿ. ಪ್ರತಿಸಲ ನನ್ನ ದನಿ ಕೇಳಿದರೆ ಸಾವಕಾರರಿಗೆ ಸಂಶಯ ಬಂದೀತು ಅಂತ ಕ್ಯಾಮೆರಾ ಹೊಗಳಿದನಂತೆ. ಸ್ಟೇರಿಂಗ್ ಬಿಟ್ಟರೆ ಕಂಬಕ್ಕೆ ಆತು ಕೂರುವುದೊಂದೇ ಉಳಿಯುತ್ತದೆ ಅಂದ.

“ನೀ ಇದ್ರ ನನಗ ಕಣ್ಣು ಬ್ಯಾಡಲೇ. ನಾಳಿಂದ ಮುಂದಿನ ಸೀಟಿನ್ಯಾಗ ಕುಂದ್ರು. ರೋಡೂ ನೀನ ಹೇಳು. ಯಾರ ಮುಂದೂ ಬಾಯಿ ಬಿಡಬ್ಯಾಡ.”

ಆಗಲಿ ಅಂದೆ. ಖುಷಿಯಾಯಿತು. ಗೆಳೆಯನ ಕಣ್ಣು ಹೋಗಿದ್ದಕ್ಕೆ ಖುಷಿ! ಎಂಥವನು ನಾನು. ಆದರೆ ಖರೆ — ಆಯಿತು. ಮಣ್ಣು ಒರೆಸಿ ಬಂದೆ.

೧೭-೧೧, ಭಾನುವಾರ
ಐದು ಜನರನ್ನು ಕೂರಿಸಿಕೊಂಡು ಬಾದಾಮಿಗೆ ಹೋಗಿ ಬಂದೆವು. ಎಮ್ಮೆ, ರೋಡ್ ಹಂಪು, ಟ್ರ್ಯಾಕ್ಟರ್... ದಾರಿಯುದ್ದಕ್ಕೂ ನಾನು ಹೇಳುತ್ತಾ ಹೋದೆ, ಅವನು ಹೊಡೆಯುತ್ತಾ ಹೋದ. ರಾಜನ ಪಕ್ಕ ಮಂತ್ರಿ ಕೂತ ಹಾಗಿತ್ತು. ಅಮೀನಗಡದ ಹತ್ತಿರ ಒಬ್ಬಳು ಹೆಣ್ಣುಮಗಳು ತಲೆ ಮೇಲೆ ಮೇವಿನ ಹೊರೆ ಹೊತ್ತು ರಸ್ತೆ ದಾಟಿದಳು. ನಾನು ಗುಡ್ಡ ನೋಡುತ್ತಿದ್ದೆ. ಹೇಳುವುದು ತಡವಾಯಿತು. ‘ಹೋಲ್ಡಾನ್’ ಅಂತ ಕೂಗಿದೆ, ಬ್ರೇಕ್ ಬಿತ್ತು. ಗಾಡಿಗೂ ಅವಳಿಗೂ ಒಂದು ಮೊಳ.

ಗಾಳೆಪ್ಪನಿಗೆ ಅವಳು ಹೆಂಗಸೋ ಗಿಡವೋ ಗೊತ್ತಾಗಿರಲಿಲ್ಲ. ಯಾಕ ನಿಂದ್ರಸಿದಿ ಅಂತ ನನ್ನನ್ನೇ ಕೇಳಿದ.

ವಾಪಸ್ ಬಂದು ಒಂದೇ ಸಲಕ್ಕೆ ಶೆಡ್ಡಿಗೆ ಹಾಕಿಸಿದೆ. ಕ್ಯಾಮೆರಾ ಸುಮ್ಮನೆ ದಂಡ ಆಯಿತು ಅಂದರು ಸಾವಕಾರರು. ಆ ಮಾತಿಗಾಗಿ ಐದು ದಿನ ಒದ್ದಾಡಿದ್ದೆ. ಈಗ ಊಟ ಸೇರಲಿಲ್ಲ.

೨೦-೧೧, ಬುಧವಾರ
ಎರಡು ದಿನ ಬರೆಯಲಿಲ್ಲ. ಕೈ ಬರಲಿಲ್ಲ.

ನಾಳೆ ಕೂಡಲಸಂಗಮಕ್ಕೆ ಹೋಗುವ ಪಾರ್ಟಿ. ಮೂರು ಸಣ್ಣ ಮಕ್ಕಳಿದ್ದಾರಂತೆ. ಗಾಳೆಪ್ಪನ ಮನೆಗೆ ಹೋಗಿ, ನೀನೇ ಸಾವಕಾರರಿಗೆ ಹೇಳು, ಇಲ್ಲದಿದ್ದರೆ ನಾನು ಹೇಳುತ್ತೇನೆ ಅಂದೆ. ಸಿಟ್ಟು ಮಾಡಲಿಲ್ಲ. ಅದೇ ಕೆಟ್ಟದ್ದಾಯಿತು.

“ಕ್ಯಾಮೆರಾ ಬಂದಾಗಿಂದ ನಿನ್ನ ಹೊಟ್ಟಿ ಉರಿಯಾಕ ಹತ್ತೈತಿ. ಮಣ್ಣು ಮೆತ್ತಿದವ ನೀನ ಅಂತ ನನಗ ಗೊತ್ತೈತಿ, ಅವತ್ತ ನಿನ್ನ ಕೈ ಹಿಡಿದಾಗ ನನ್ನ ಕೈಗೆ ಹತ್ತಿತ್ತು. ಹೋಗಿ ಹೇಳು. ಹೊಟ್ಟಿಕಿಚ್ಚಿಗೆ ಗೆಳೆಯನ ಅನ್ನ ಕಳದಾ ಅಂತಾರ ಊರಾಗ.”

ಅನ್ನುತ್ತಾರೆ. ಸುಳ್ಳೂ ಅಲ್ಲ. ಅವನ ಬದಲು ಬೇರೆ ಡ್ರೈವರ್ ಬಂದರೆ, ಅವನಿಗೆ ಕ್ಯಾಮೆರಾ ಸಾಕು. ನನ್ನನ್ನು ಯಾರು ಕರೆಯುತ್ತಾರೆ? ಇದನ್ನು ಗಾಳೆಪ್ಪನಿಗೆ ಹೇಳಬೇಕಿತ್ತು. ಹೇಳಲಿಲ್ಲ.

೨೧-೧೧, ಗುರುವಾರ. ಬೆಳಿಗ್ಗೆ ಏಳೂವರೆ
ಏಳಕ್ಕೇ ಹೋದೆ. ಅವನು ಆಗಲೇ ಸೀಟಿನಲ್ಲಿದ್ದ, ಎಂಜಿನ್ ಚಾಲೂ. ನಾನು ಹತ್ತಲಿಲ್ಲ. ಗಾಡಿಯ ಮುಂದೆ, ಗಾಜಿನ ಎದುರಿಗೇ ನಿಂತೆ. ಮೂರು ಮಾರು ದೂರ. ಬಿಸಿಲು ನೇರ ನನ್ನ ಮೇಲೆ ಬಿದ್ದಿತ್ತು. ಗಾಳೆಪ್ಪ ಪಕ್ಕದ ಖಾಲಿ ಸೀಟಿನ ಕಡೆ ಮುಖ ಮಾಡಿದ.

“ಹತ್ತಿದೇನಲೇ ಬೀರಲಿಂಗ? ಬಿಡಲೇನು?”

“ನಿನ್ನ ಮುಂದ ನಿಂತೇನಿ ಗಾಳೆಪ್ಪ. ಇಲ್ಲಿ.”

ಎಂಜಿನ್ ಬಂದ್ ಮಾಡಿದ. ಕೀಲಿ ತಾನೇ ತೆಗೆದು ಕೊಟ್ಟ.

ಈಗ ಸಾವಕಾರರ ಪಡಸಾಲೆಯಲ್ಲಿ ಇಬ್ಬರೂ ಕೂತಿದ್ದೇವೆ. ಪೂಜೆ ನಡೆದಿದೆ, ಕಾಯಿರಿ ಅಂದಿದ್ದಾರೆ. ಸುಮ್ಮನೆ ಕೂರಲಾಗದೆ ಇದನ್ನು ತೆಗೆದೆ. ಹೇಳುವಾಗ ಮೊದಲ ಮಾತು ಯಾರು ಆಡಬೇಕು ಅಂತ ಇನ್ನೂ ನಿಕ್ಕಿಯಾಗಿಲ್ಲ. ಒಳಗಿಂದ ಚಪ್ಪಲಿ ಸದ್ದು ಬಂತು. ಗಾಳೆಪ್ಪ ತಡಕಾಡಿ ನನ್ನ ಮೊಳಕೈ ಹಿಡಿದುಕೊಂಡ. ಬಿಗಿಯಾಗಿ. ಬರೆಯಲಿಕ್ಕೆ ಕೈ —