ಅಪ್ಪನ ಸೈಕಲ್ಲಿಗೆ ಮಾಡಿದ ಕೆಂಪು ದೀಪ

ನವೆಂಬರ್ ೧೪, ಶುಕ್ರವಾರ ರಾತ್ರಿ

ಆ ದೀಪ ಇವತ್ತು ಮುಗಿಯಿತು. ಮುಗಿಸಬಾರದಿತ್ತೇನೋ.

ಹಿನಕಲ್‌ನಲ್ಲಿ ಕೆಲಸ ಮುಗಿಸಿ ಕತ್ತಲಲ್ಲಿ ನಜರ್‌ಬಾದ್‌ನ ಮನೆವರೆಗೆ ಸೈಕಲ್ ತುಳಿಯುತ್ತಿದ್ದ ಅಪ್ಪನ ಸೀಟಿನ ಹಿಂದೆ ಕಟ್ಟಲೆಂದು ಶುರು ಮಾಡಿದ್ದು. ಇನ್ನೂ ಅರ್ಧವಷ್ಟೇ ಆಗಿತ್ತು, ಅಷ್ಟರಲ್ಲಿ ಹಿಂದಿನಿಂದ ಬಂದ ಲಾರಿಯವನಿಗೆ ಅವರು ಕಾಣಲಿಲ್ಲ. ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ನನ್ನ ಕೈ ಸುಮ್ಮನಿರಲಿಲ್ಲ. ಉಳಿದ ವೈರುಗಳಿಗೆ ಬೆಸುಗೆ ಹಾಕಿ ಸೆಲ್ ತುಂಬಿದೆ. ಮೊದಲ ಸಲಕ್ಕೇ ಮಿನುಗಿತು. ಬೇರೆಲ್ಲಿ ಇಡಲಿ, ಅಪ್ಪನ ಫೋಟೊ ಮುಂದೆಯೇ ಇಟ್ಟೆ.

ಅಡುಗೆಮನೆಯಿಂದ ಬಂದ ಅಮ್ಮ ಅಲ್ಲೇ ನಿಂತುಬಿಟ್ಟಳು.

“ಬಿಂದು, ಆರೋಗ್ತಾ ಅದೆ ಕಣೆ. ನೋಡು, ಮತ್ತೆ ಆರೋಯ್ತು.”

“ಅದು ಇರೋದೇ ಹಾಗೆ ಕಣಮ್ಮ. ಮಿನುಗಿದ್ರೇನೇ ದೂರದಿಂದ ಬರೋರ ಕಣ್ಣಿಗೆ ಬೀಳೋದು.”

“ಹೋದೋರ ಮುಂದೆ ಹಚ್ಚಿದ ದೀಪ ಆರಬಾರ್ದು. ಒಂದೇ ಸಮ ಉರಿಯೋ ಹಂಗೆ ಮಾಡ್ಬುಡು.”

ಮಿನುಗಿಸುವುದಕ್ಕೆಂದು ಅಷ್ಟು ಕಷ್ಟಪಟ್ಟು ಕೂರಿಸಿದ್ದ ಚಿಪ್ ಅನ್ನು ಕಿತ್ತು, ವೈರನ್ನು ನೇರವಾಗಿ ಜೋಡಿಸಿದೆ. ಈಗ ಕೆಂಪಗೆ ಒಂದೇ ಸಮ ಉರಿಯುತ್ತಿದೆ. ಅದರ ಎದುರಿಗೆ ಚಾಪೆ ಹಾಸಿಕೊಂಡು ಅಮ್ಮ ನಿದ್ದೆ ಹೋಗಿದ್ದಾಳೆ, ಅಪ್ಪ ಹೋದ ಮೇಲೆ ಇದೇ ಮೊದಲು.

ರಸ್ತೆಯಲ್ಲಿ ಇನ್ನು ಇದರಿಂದ ಪ್ರಯೋಜನವಿಲ್ಲ.

ಹೀಗೆ ಉರಿದರೆ ಸೆಲ್ ಬೆಳಗಿನ ತನಕ ಬರುವುದಿಲ್ಲ. ಅಮ್ಮ ಏಳುವ ಮೊದಲೇ ಬದಲಾಯಿಸಬೇಕು. ಮನೆಯಲ್ಲಿ ಉಳಿದಿರುವುದು ಅಪ್ಪನ ಟಾರ್ಚಿನೊಳಗಿನ ಸೆಲ್‌ಗಳು ಮಾತ್ರ. ಅವರೇ ಕೈಯಾರೆ ಹಾಕಿದವು. ಆಗಿನಿಂದ ಟಾರ್ಚನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೇನೆ, ಮುಚ್ಚಳ ತಿರುಗಿಸಲು ಕೈ ಬರುತ್ತಿಲ್ಲ.