ಧೂಳು ಕೂರದ ಜಾಗ

ಲಾಡ್ಜಿನ ಬಟ್ಟೆಕೋಣೆಯಿಂದ,
ಭಾನುವಾರ, ಬೆಳಗಿನ ಕೆಲಸ ಮುಗಿದ ಮೇಲೆ

ಪ್ರೀತಿಯ ಮನೆಯವರಿಗೆ,

ಮೊದಲು ನನ್ನ ಅಕ್ಷರವನ್ನು ಕ್ಷಮಿಸಿ. ನಾಲ್ಕನೇ ತರಗತಿಗೆ ಬಿಟ್ಟ ಪೆನ್ನನ್ನು ಈಗ ಹಿಡಿದರೆ ಪೊರಕೆ ಹಿಡಿದ ಹಾಗೆ ಹಿಡಿಯುತ್ತೇನೆ, ಸಾಲೆಲ್ಲ ಒಂದು ಮೂಲೆಗೆ ಗುಡಿಸಿಕೊಂಡು ಹೋಗುತ್ತದೆ. ಒತ್ತಕ್ಷರ ತಪ್ಪಿದ ಕಡೆ ನೀವೇ ಸರಿ ಮಾಡಿಕೊಂಡು ಓದಿ, ಶೆಡ್ಡಿನಲ್ಲಿ ಪಕ್ಕದ ಹಾಸಿಗೆಯವರಿಗೆ ತೋರಿಸಿ ನಗಬೇಡಿ. ನಿಮ್ಮ ಆರೋಗ್ಯ ಹೇಗಿದೆ? ಬಲಗೈಯ ಸುಟ್ಟ ಗಾಯ ಒಣಗಿತೇ? ಸೇತುವೆಯ ಮೇಲೆ ವೆಲ್ಡಿಂಗ್ ಮಾಡುವಾಗ ಕಪ್ಪು ಕನ್ನಡಕ ಹಾಕಿಕೊಳ್ಳುತ್ತೀರಿ ತಾನೆ? ಹಾಕಿಕೊಳ್ಳುತ್ತೇನೆ ಎಂದು ನೀವು ಹೇಳುವ ದನಿಯ ಮೇಲೆ ನನಗೆ ನಂಬಿಕೆಯಿಲ್ಲ. ನಾನು ಚೆನ್ನಾಗಿದ್ದೇನೆ. ಅತ್ತೆಯೂ ಚೆನ್ನಾಗಿದ್ದಾರೆ ಎಂದು ಬರೆಯುವುದು ವಾಡಿಕೆ, ಆದರೆ ಆ ಮಾತಿಗೆ ಆಮೇಲೆ ಬರುತ್ತೇನೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ನಮ್ಮ ಮನೆಯಲ್ಲಿ ಫೋನು ಬಂದರೆ ನನ್ನ ಕಿವಿಗಿಂತ ಮೊದಲು ಅತ್ತೆಯ ಕಿವಿ ಅಲ್ಲಿರುತ್ತದೆ. ಅದೂ ಅಲ್ಲದೆ, ಮದುವೆಯಾಗಿ ವರ್ಷ ಕಳೆದರೂ ನಿಮ್ಮ ಹತ್ತಿರ ನನ್ನ ಬಾಯಿಂದ ‘ಹೂಂ’, ‘ಸರಿ’ ಬಿಟ್ಟು ಮೂರನೆಯ ಮಾತು ಹೊರಡುವುದಿಲ್ಲ. ಹೋದ ವಾರ ನೀವು ‘ನಡುಮನೆ ಸಾಮಾನು ಎಷ್ಟು ಖಾಲಿ ಆಯ್ತು?’ ಎಂದು ಕೇಳಿದಿರಿ, ‘ಆಗ್ತಿದೆ’ ಎಂದೆ. ಅದು ಸುಳ್ಳು. ತಿಂಗಳ ಕೊನೆಗೆ ಬಂದು ಅತ್ತೆಯನ್ನು ನಿಮ್ಮ ಅಕ್ಕನ ಮನೆಗೆ ಬಿಟ್ಟು, ಉಳಿದದ್ದನ್ನೆಲ್ಲ ಒಂದೇ ದಿನದಲ್ಲಿ ಗುಜರಿಗೆ ಹಾಕುತ್ತೇನೆ ಎಂದಿದ್ದೀರಲ್ಲ, ಅದಕ್ಕೆ ಮೊದಲು ಈ ಕಾಗದ ನಿಮ್ಮ ಕೈ ಸೇರಬೇಕು. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಕೊನೆಯದನ್ನು ಮೊದಲೇ ಹೇಳಿದರೆ ನೀವು ನಂಬುವವರಲ್ಲ, ಆ ವಿಷಯದಲ್ಲಿ ನೀವೂ ನನ್ನ ಹಾಗೆಯೇ.

ಖಾಲಿ ಮನೆಯೆಂದರೆ ನನಗೆ ಎಷ್ಟು ಇಷ್ಟ ಎಂಬುದು ನಿಮಗೆ ಗೊತ್ತು. ಇಲ್ಲಿ ದಿನವೂ ಕೋಣೆ ಗುಡಿಸುವವಳು ನಾನು. ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ, ಗೋಡೆಗೊಂದು ಕನ್ನಡಿ. ಹೊದಿಕೆ ಎಳೆದು ಮಡಚಿ, ಕಿಟಕಿ ತೆಗೆದು, ಬಾಗಿಲಲ್ಲಿ ನಿಂತು ನೋಡಿದರೆ ಕೋಣೆಯೇ ಉಸಿರಾಡಿದ ಹಾಗಿರುತ್ತದೆ. ನಾನು ನಿಮ್ಮ ಮನೆಗೆ ತಂದದ್ದೂ ಒಂದೇ ತಗಡಿನ ಪೆಟ್ಟಿಗೆ. ‘ಶೆಡ್ಡಲ್ಲಿ ನಂದು ಒಂದು ಪೆಟ್ಟಿಗೆ, ಅಂಗಿ ನೇತುಹಾಕೋಕೆ ಒಂದು ಮೊಳೆ. ಮನುಷ್ಯನಿಗೆ ಇನ್ನೇನು ಬೇಕು?’ ಎಂದು ನೀವು ಮೊದಲ ಸಲ ಹೇಳಿದಾಗ, ಇವರೂ ನನ್ನ ಹಾಗೇ ಎಂದು ಒಳಗೊಳಗೇ ಹಿಗ್ಗಿದ್ದೆ. ಆದರೆ ನಮ್ಮ ನಡುಮನೆಯ ಗತಿ ನೋಡಿ. ಕೂರಲು ಹಲಗೆಯಿಲ್ಲದ ಕುರ್ಚಿ. ಹಳೆಯ ಪೇಪರಿನ ಕಟ್ಟುಗಳು, ಅವುಗಳ ಮೇಲೊಂದು ಮಣೆ. ಸೂಜಿಯೂ ಪಟ್ಟಿಯೂ ಇಲ್ಲದ ಹೊಲಿಗೆ ಮಿಷನ್ನು, ತಳ ತೂತಾದ ಡ್ರಮ್ಮು, ಬಾಗಿಲು ಕಳಚಿಹೋದ ಕಪಾಟು. ಗೋಡೆಗೆ ಒತ್ತಿ ಇಟ್ಟಿದ್ದರೆ ಹೇಗೋ ಸಹಿಸಬಹುದಿತ್ತು. ಎಲ್ಲವೂ ನಟ್ಟನಡುವೆ, ಅತ್ತೆಯ ಮಂಚದಿಂದ ಹಿಡಿದು ಬಚ್ಚಲಮನೆಯ ಬಾಗಿಲವರೆಗೆ, ಸರತಿಯಲ್ಲಿ ನಿಂತ ಜನರ ಹಾಗೆ.

ನೀವು ಹೋದ ಮೇಲೆ ಒಂದು ದಿನ ಎಲ್ಲವನ್ನೂ ಗೋಡೆಗೆ ಸರಿಸಿ, ನೆಲ ಒರೆಸಿ ಕೆಲಸಕ್ಕೆ ಬಂದೆ. ಸಂಜೆ ಹೋಗಿ ನೋಡಿದರೆ ಎಲ್ಲವೂ ಮತ್ತೆ ನಡುಮನೆಯಲ್ಲಿ. ಯಾರು ಸರಿಸಿದ್ದು ಎಂದು ಕೇಳಿದರೆ ಅತ್ತೆ, ‘ನಿನ್ನ ಕಾಟ ತಾಳಲಾರದೆ ಅವಕ್ಕೇ ಕಾಲು ಬಂದಿರ್ಬೇಕು ಕಣೇ’ ಎಂದರು. ಎದುರುಮನೆಯ ದರ್ಜಿಯಮ್ಮ ಅಲ್ಲೇ ಕೂತಿದ್ದರು, ಮುಖ ತಿರುಗಿಸಿ ನಕ್ಕರು. ನಾನು ಒಳಗೆ ಕಾಲಿಟ್ಟರೆ ಇವರಿಬ್ಬರ ಮಾತು ನಲ್ಲಿ ತಿರುಗಿಸಿದ ಹಾಗೆ ನಿಂತುಹೋಗುತ್ತದೆ ಎಂಬುದನ್ನು ಆ ದಿನದಿಂದ ಗಮನಿಸತೊಡಗಿದೆ. ನಾನು ಎರಡನೆಯ ಸಲ ಸರಿಸಿದೆ, ಎರಡನೆಯ ಸಲವೂ ಅದೇ ಆಯಿತು. ಗುಜರಿಯವನ ಕೂಗು ಬೀದಿಯ ಕೊನೆಯಲ್ಲಿ ಕೇಳಿದರೆ ಸಾಕು, ಅತ್ತೆ ಮಂಚದ ಮೇಲೆ ನೆಟ್ಟಗೆ ಕೂತು ನನ್ನ ಕೈಗಳನ್ನೇ ನೋಡುತ್ತಿದ್ದರು. ‘ನಿನ್ನ ಕೈ ಬಹಳ ಚುರುಕಮ್ಮ. ಒಂದಿನ ನನ್ನನ್ನೂ ನಾಲ್ಕು ಮಡಿಕೆ ಮಾಡಿ ಲಾಡ್ಜಿನ ಕಪಾಟಲ್ಲಿ ಇಟ್ಟುಬಿಡ್ತೀಯ’ ಎಂದು ಒಮ್ಮೆ ಹೇಳಿದರು. ನಗುತ್ತಲೇ ಹೇಳಿದರು, ಆದರೆ ಕಣ್ಣು ನಗುತ್ತಿರಲಿಲ್ಲ.

ಆಮೇಲೆ ಧೂಳು. ಧೂಳು ಒರೆಸಿ ಹೊಟ್ಟೆ ಹೊರೆಯುವವಳಿಗೆ ಧೂಳಿನ ಮಾತು ತಿಳಿಯುತ್ತದೆ. ಯಾವ ಮೇಜಿನ ಖಾನೆ ತೆರೆದಿದ್ದಾರೆ, ಯಾವ ಕಿಟಕಿಯ ಮೇಲೆ ಕೈಯೂರಿ ನಿಂತಿದ್ದಾರೆ ಎಂದು ತಂಗಿದವರು ಹೋದ ಮೇಲೆ ಕೋಣೆಯೇ ಹೇಳುತ್ತದೆ. ಅತ್ತೆಯ ಸಾಮಾನಿನ ಮೇಲೆ ಬೆರಳು ಹೂತುಹೋಗುವಷ್ಟು ಧೂಳು, ಏಕೆಂದರೆ ಅವುಗಳನ್ನು ಒರೆಸಲು ನನಗೆ ಅಪ್ಪಣೆಯಿಲ್ಲ. ಆದರೆ ಪ್ರತಿಯೊಂದರ ಮೇಲೂ ಅಂಗೈಯಗಲದ ಒಂದು ಜಾಗ ಮಾತ್ರ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಕುರ್ಚಿಯ ಬೆನ್ನಿನ ತುದಿಯಲ್ಲಿ, ಮಣೆಯ ಅಂಚಿನಲ್ಲಿ, ಮಿಷನ್ನಿನ ಮೂಲೆಯಲ್ಲಿ, ಡ್ರಮ್ಮಿನ ಕಂಠದಲ್ಲಿ, ಕಪಾಟಿನ ಪಕ್ಕದಲ್ಲಿ. ನಾನಿಲ್ಲದಾಗ ಯಾರೋ ದಿನವೂ ಇವುಗಳನ್ನು ಮುಟ್ಟುತ್ತಿದ್ದಾರೆ, ತೆರೆಯುತ್ತಿದ್ದಾರೆ, ಒಳಗೇನೋ ಇಡುತ್ತಿದ್ದಾರೆ ಎಂದು ನಾನು ತೀರ್ಮಾನ ಮಾಡಿದೆ. ಚಿನ್ನವೇ ಇರಬೇಕು, ನಿಮ್ಮ ಅಕ್ಕನಿಗೆಂದು ತೆಗೆದಿಟ್ಟಿರಬೇಕು, ದರ್ಜಿಯಮ್ಮ ಅದನ್ನು ಸಾಗಿಸುವವರಿರಬೇಕು. ಅತ್ತೆ ಸ್ನಾನಕ್ಕೆ ಹೋದಾಗ ಹುಡುಕಿದೆ. ಮಿಷನ್ನಿನ ಖಾನೆಯಲ್ಲಿ ಸಿಕ್ಕಿದ್ದು ಗುಂಡಿಗಳು ಮತ್ತು ಚಿಕ್ಕಂದಿನಲ್ಲಿ ನೀವು ಕಚ್ಚಿದ ಗುರುತಿರುವ ಒಂದು ಬಳಪದ ತುಂಡು. ಪೇಪರಿನೊಳಗೆ ಪೇಪರು, ಡ್ರಮ್ಮಿನೊಳಗೆ ತುಕ್ಕು. ಏನೂ ಸಿಗದಿದ್ದರೆ ಅನುಮಾನ ಸಾಯಬೇಕು, ನನ್ನದು ಇನ್ನೂ ಕೊಬ್ಬಿತು. ಇಷ್ಟು ಚೆನ್ನಾಗಿ ಬಚ್ಚಿಟ್ಟಿದ್ದಾರೆಂದರೆ ವಸ್ತು ದೊಡ್ಡದೇ ಇರಬೇಕು ಎಂದುಕೊಂಡೆ.

ಹೋದ ಸೋಮವಾರ ದರ್ಜಿಯಮ್ಮ ಬಂದು ಅತ್ತೆಯನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಇಬ್ಬರೂ ತೋಳಿಗೆ ತೋಳು ಸೇರಿಸಿಕೊಂಡು ಬೀದಿ ದಾಟಿದರು. ಈ ವಯಸ್ಸಿನಲ್ಲಿ ಏನು ಗೆಳೆತನವಪ್ಪಾ ಎಂದುಕೊಂಡೆ. ಅದೇ ಹೊತ್ತಿಗೆ ಗುಜರಿಯವನು ಬಂದ, ಮಿಷನ್ನನ್ನು ಎತ್ತಿ ಅವನ ಗಾಡಿಗೆ ಹಾಕಿಸಿದೆ. ಸ್ವಲ್ಪ ಹೊತ್ತಿಗೆ ಅತ್ತೆಯನ್ನು ಹೊಸ್ತಿಲವರೆಗೆ ಬಿಟ್ಟು ದರ್ಜಿಯಮ್ಮ ಹಿಂದಿರುಗಿದರು. ಅತ್ತೆ ಗೋಡೆ ಸವರುತ್ತಾ ಕುರ್ಚಿಯವರೆಗೆ ಬಂದು ಮಿಷನ್ನಿದ್ದ ಕಡೆಗೆ ನೋಡಿದರು. ಅವರ ಬಲಗೈ ಅರ್ಧ ಮೇಲೆದ್ದು ಗಾಳಿಯಲ್ಲೇ ನಿಂತಿತು. ‘ನಿಮ್ಮ ಮಗನೇ ಹೇಳಿದ್ರು ಅತ್ತೆ, ಅದಕ್ಕೆ ಕೊಟ್ಟೆ’ ಎಂದೆ. ‘ಕೊಟ್ಟಿದ್ದು ಒಳ್ಳೇದಾಯ್ತು ಬಿಡು. ಸೂಜಿಯಿಲ್ಲದ ಮಿಷನ್ನು ಯಾರಿಗೆ ಬೇಕು?’ ಎಂದು ಹೇಳಿ ಮಂಚದ ಮೇಲೆ ಕೂತುಬಿಟ್ಟರು. ನಾಲ್ಕು ಮಾತು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೈಯದೆ ಬಿಟ್ಟರೆಂದರೆ ಬೇರೆ ಏನೋ ಲೆಕ್ಕ ಹಾಕುತ್ತಿದ್ದಾರೆ ಎಂದುಕೊಂಡೆ.

ಮಾರನೆಯ ದಿನದಿಂದ ನೀರು ಕುಡಿಯುವುದನ್ನೇ ಬಿಟ್ಟರು. ನಾನು ತುಂಬಿಸಿಟ್ಟ ಲೋಟ ಸಂಜೆಗೂ ತುಂಬಿಯೇ ಇರುತ್ತಿತ್ತು. ಊಟವೂ ಅರ್ಧ. ಕೇಳಿದರೆ ‘ಹಸಿವಿಲ್ಲ’, ಇನ್ನೊಮ್ಮೆ ಕೇಳಿದರೆ ‘ನಿಂಗೇನು ಕಷ್ಟ? ಉಳಿದ್ರೆ ನಿಂಗೇ ಲಾಭ’. ಇದು ಮುನಿಸು, ಸೊಸೆ ಊಟ ಹಾಕುವುದಿಲ್ಲ ಎಂದು ಬೀದಿಗೆಲ್ಲ ಸಾರಲು ಹೂಡಿದ ಆಟ ಎಂದು ನನಗೆ ಖಚಿತವಾಯಿತು. ನಾನೂ ಮುಖ ಗಂಟು ಹಾಕಿಕೊಂಡೆ. ಒಂದೇ ಮನೆಯಲ್ಲಿ ಇಬ್ಬರು ಮೂಗಿಯರು.

ಮೊನ್ನೆ ಶುಕ್ರವಾರ ಇಲ್ಲಿ ಪಂಪು ಕೆಟ್ಟು ನೀರಿಲ್ಲದೆ ಮಧ್ಯಾಹ್ನವೇ ನಮ್ಮನ್ನು ಮನೆಗೆ ಕಳಿಸಿದರು. ಸುಳ್ಳೇಕೆ, ಕಳ್ಳತನ ಹಿಡಿಯಬಹುದು ಎಂದು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಬಳಿ ಹೋಗಿ ನಿಂತೆ. ಅತ್ತೆ ಮಂಚದಿಂದ ಎದ್ದರು. ಎದ್ದು ಸ್ವಲ್ಪ ಹೊತ್ತು ಕಣ್ಣುಮುಚ್ಚಿ ನಿಂತರು. ಕುರ್ಚಿಯ ಬೆನ್ನಿನ ತುದಿಗೆ ಅಂಗೈ ಇಟ್ಟರು, ಒಂದು ಹೆಜ್ಜೆ. ಮಣೆಯ ಅಂಚಿಗೆ ಅಂಗೈ, ಇನ್ನೊಂದು ಹೆಜ್ಜೆ. ಅಲ್ಲಿಂದ ಮುಂದೆ ಮಿಷನ್ನಿರಲಿಲ್ಲ. ಕೈ ಚಾಚಿದರು, ಡ್ರಮ್ಮು ಎಟುಕಲಿಲ್ಲ. ಆಗ ನಿಮ್ಮ ಅಮ್ಮ ಮಣೆ ಹಿಡಿದುಕೊಂಡೇ ಮೆಲ್ಲಗೆ ನೆಲಕ್ಕಿಳಿದು, ಅಂಬೆಗಾಲಿನಲ್ಲಿ ಆ ಜಾಗ ದಾಟಿದರು. ಡ್ರಮ್ಮಿನ ಕಂಠ ಹಿಡಿದು ಎದ್ದರು. ಎದ್ದ ಮೇಲೆ ಮೊಣಕಾಲಿನ ಧೂಳನ್ನು ಗುರುತು ಉಳಿಯದ ಹಾಗೆ ಕೊಡವಿಕೊಂಡರು.

ನಾನು ಕಿಟಕಿಯ ಕೆಳಗೆ ಕೂತುಬಿಟ್ಟೆ. ಹೊಳೆಯುತ್ತಿದ್ದ ಜಾಗಗಳಲ್ಲಿ ಬಚ್ಚಿಟ್ಟದ್ದು ಏನೂ ಇರಲಿಲ್ಲ. ಅವು ಅವರು ಕೈಯಿಡುವ ಜಾಗಗಳು. ಒಂದರಿಂದ ಇನ್ನೊಂದಕ್ಕೆ ಸರಿಯಾಗಿ ಅವರ ಒಂದು ತೋಳಿನ ಅಳತೆ. ನಾನು ಮನೆಯಲ್ಲಿದ್ದಾಗ ಏನಾದರೂ ನೆಪ ಹೇಳಿ ನನ್ನನ್ನು ಆಚೆ ಕಳಿಸಿಯೇ ಅವರು ಮಂಚ ಬಿಡುತ್ತಿದ್ದದ್ದು ಏಕೆಂದೂ ಆಗಲೇ ತಿಳಿಯಿತು. ನೀರು ಬಿಟ್ಟದ್ದು ಮುನಿಸಿನಿಂದಲ್ಲ, ಬಚ್ಚಲಿಗೆ ಹೋಗುವ ಕೆಲಸ ಕಡಿಮೆಯಾಗಲಿ ಎಂದು. ಅವರು ವಾಪಸು ಬಂದು ಮಂಚ ಸೇರುವವರೆಗೆ ಕಾದು, ಚಪ್ಪಲಿ ಮೆಟ್ಟಿಕೊಂಡು, ಬೇಕೆಂದೇ ಗಟ್ಟಿಯಾಗಿ ಕೆಮ್ಮಿ ಒಳಗೆ ಹೋದೆ. ‘ಏನೇ ಇಷ್ಟು ಬೇಗ? ಕೆಲಸದಿಂದ ಓಡಿಸಿದ್ರಾ?’ ಎಂದರು.

ಅವತ್ತೇ ಸಂಜೆ ದರ್ಜಿಯಮ್ಮನನ್ನು ಹಿಡಿದು ಕೇಳಿದೆ. ಮೊದಲು ನನ್ನ ಮುಖವನ್ನೇ ಅಳೆದರು. ಆಮೇಲೆ ಹೇಳಿದರು: ‘ಎದ್ರೆ ತಲೆ ತಿರುಗತ್ತೆ ಅವಳಿಗೆ. ನಿನ್ನ ಮದುವೆಗೆ ಮುಂಚಿಂದ. ಸಾಮಾನು ಜೋಡಿಸಿಕೊಟ್ಟಿದ್ದು ನಾನೇ, ನೀನು ಸರಿಸಿದಾಗೆಲ್ಲ ವಾಪಸ್ ಎಳೆದು ನನ್ನ ಸೊಂಟ ಬಿತ್ತು. ಮಗನಿಗೆ ಹೇಳಿದ್ರೆ ನನ್ನ ಹೆಣ ನೋಡ್ತೀಯ ಅಂದಿದ್ದಾಳೆ.’ ಏಕೆ ಎಂದು ಕೇಳಿದೆ. ನಿಮಗೆ ನೆನಪಿದೆಯೇ, ಹಿಂದೊಮ್ಮೆ ಅತ್ತೆ ಹೊಸ್ತಿಲಲ್ಲಿ ಮುಗ್ಗರಿಸಿದಾಗ ನೀವು ‘ಇನ್ನೊಂದ್ಸಲ ಬಿದ್ರೆ ಅಕ್ಕನ ಮನೇನೇ ಗತಿ ನಿಂಗೆ’ ಎಂದಿದ್ದಿರಂತೆ. ತಮಾಷೆಗೇ ಹೇಳಿರುತ್ತೀರಿ. ಅಕ್ಕನ ಮನೆಯನ್ನು ನಾವಿಬ್ಬರೂ ಎಷ್ಟು ಹೊಗಳಿದ್ದೆವು, ಕನ್ನಡಿಯಂಥ ನೆಲ, ನಡುವೆ ಒಂದು ಕಡ್ಡಿಯೂ ಇಲ್ಲ ಎಂದು. ಅದೇ ಮನೆಯ ಬಗ್ಗೆ ಅತ್ತೆ ದರ್ಜಿಯಮ್ಮನ ಹತ್ತಿರ, ‘ಆ ಮನೇಲಿ ನಾನು ನಡುವಲ್ಲಿ ನಿಂತ್ರೆ ನಡುವಲ್ಲೇ ನಿಂತಿರಬೇಕು ಕಣೇ’ ಎಂದರಂತೆ. ನಿಮಗೆ ಇದೆಲ್ಲ ಮೊದಲೇ ಗೊತ್ತಿತ್ತೇ ಎಂದು ನಿಮ್ಮ ಮೇಲೂ ಒಂದು ಅನುಮಾನ ಬಂದುಹೋಯಿತು. ಗೊತ್ತಿರಲಿಲ್ಲ ಎಂದು ನಂಬಿದ್ದೇನೆ. ನಂಬಿಕೆ ಸುಳ್ಳಾಗಿದ್ದರೆ ನೇರವಾಗಿ ಬರೆಯಿರಿ.

ನಿನ್ನೆ ಗುಜರಿ ಅಂಗಡಿಗೆ ಹೋಗಿ ಮಿಷನ್ನು ವಾಪಸು ಕೇಳಿದೆ. ‘ಅಯ್ಯೋ ತಂಗಿ, ಬಿಚ್ಚಿ ಆಯ್ತು. ಈಗ ಅದು ನಾಲ್ಕು ಊರಿಗೆ ಹೋಗಿದೆ’ ಎಂದ. ಡಾಕ್ಟರಿಗೆ ತೋರಿಸಬೇಕು, ಆದರೆ ಅತ್ತೆಯನ್ನು ಅವರ ಹೆಸರಿನಲ್ಲಿ ಹೊರಡಿಸಲು ಸಾಧ್ಯವಿಲ್ಲ. ನನಗೇ ತಲೆ ತಿರುಗುತ್ತದೆ, ಜೊತೆಗೆ ಬನ್ನಿ ಎಂದು ಕರೆದುಕೊಂಡು ಹೋಗುತ್ತೇನೆ. ಹಾಗೆಂದರೆ ಅವರು ಬೇರೆಯೇ ಅರ್ಥ ಮಾಡಿಕೊಂಡು ಬೀದಿಗೆಲ್ಲ ಹೇಳಿಯಾರು. ಅಂಥದ್ದೇನೂ ಇಲ್ಲ, ನೀವೂ ಅಲ್ಲಿ ಕೂತು ಹಿಗ್ಗಬೇಡಿ. ನನಗೆ ತಿಳಿದಿರುವುದು ಅವರಿಗೆ ತಿಳಿದಿದೆಯೇ ಎಂಬುದು ಮಾತ್ರ ಗೊತ್ತಾಗುತ್ತಿಲ್ಲ. ನಿನ್ನೆಯಿಂದ ನನ್ನನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದಾರೆ.

ಸೇತುವೆಯ ಮೇಲೆ ಹುಷಾರು. ಎತ್ತರದಲ್ಲಿ ನಿಂತಾಗ ಒಂದು ಕೈ ಯಾವಾಗಲೂ ಏನನ್ನಾದರೂ ಹಿಡಿದುಕೊಂಡಿರಲಿ. ನಿಮ್ಮ ಜೊತೆಯವರಿಗೆಲ್ಲ ನಾನು ಕೇಳಿದೆನೆಂದು ಹೇಳಿ.

ನಿಮ್ಮ ಮನೆಯವಳು

ಮರೆತೆ: ಕೆಳಗಿನಿಂದ ಕರೆಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಅತ್ತೆ ಬರುವುದಿಲ್ಲ ಎಂದು ಅಕ್ಕನಿಗೆ ಇವತ್ತೇ ತಿಳಿಸಿ. ಊರ ಸೇತುವೆಗೆಲ್ಲ ಕಂಬಿ ಹಾಕುವವರು ನೀವು, ಬರುವಾಗ ನಮ್ಮ ನಡುಮನೆಗೂ ಒಂದಿಷ್ಟು ತನ್ನಿ. ಮಂಚದಿಂದ ಬಚ್ಚಲವರೆಗೆ, ಅವರ ಸೊಂಟದೆತ್ತರಕ್ಕೆ, ಗೋಡೆಗೆ ಬಿಗಿಯಬೇಕು. ಯಾಕೆ ಎಂದು ಕೇಳಿದರೆ ಬಟ್ಟೆ ಒಣಗಿಸಲು ಎನ್ನಿ. ಅಲ್ಲಿಯವರೆಗೆ ಒಂದು ಪೇಪರಿನ ತುಂಡೂ ಮನೆಯಿಂದ ಹೊರಗೆ ಹೋಗಕೂಡದು. ಈ ದಿನ ಬೆಳಿಗ್ಗೆ ನನ್ನ ತಗಡಿನ ಪೆಟ್ಟಿಗೆಯನ್ನು ಮಂಚದಡಿಯಿಂದ ಎಳೆದು, ಅಲುಗಾಡದಂತೆ ತಳಕ್ಕೆ ಕಲ್ಲು ತುಂಬಿ, ಮಿಷನ್ನಿದ್ದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿದೆ. ‘ಇದೇನೇ ಇದು, ದಾರಿಗೆ ಅಡ್ಡ? ಮನೆ ತುಂಬಾ ಸಾಮಾನು ತುಂಬ್ತೀಯಲ್ಲ!’ ಎಂದು ಬೈದರು. ಬೈಯುತ್ತಲೇ ಅದರ ಮೇಲೆ ಕೈಯಿಟ್ಟುಕೊಂಡು ಬಚ್ಚಲಿಗೆ ಹೋದರು. ಬಂದವರೇ ಒಂದು ಲೋಟ ನೀರು ಕೇಳಿದರು. ಕೊಟ್ಟು ಕೆಲಸಕ್ಕೆ ಬಂದೆ.